ಗ್ಲೂಕೋಸ್ ಸೆನ್ಸರ್ ಅಂಟಿಸಿದಲ್ಲಿ ತುರಿಕೆಯೇ? ಕಾರಣ ಕಂಡುಕೊಳ್ಳುವುದು ಹೀಗೆ

ಸಕ್ಕರೆ ಕಾಯಿಲೆ ಇರುವವರ ತೋಳಿನ ಹಿಂಭಾಗದಲ್ಲಿ ಬಿಳಿಯ ಪುಟ್ಟ ಬಿಲ್ಲೆಯನ್ನು ನೀವು ನೋಡಿರಬಹುದು. ಅದು ಗ್ಲೂಕೋಸ್ ಸೆನ್ಸರ್, ಚರ್ಮದೊಳಗೆ ಇಳಿದ ಸಣ್ಣ ಎಳೆಯ ಮೂಲಕ ಸಕ್ಕರೆಯ ಮಟ್ಟವನ್ನು ಅಳೆಯುತ್ತಿರುವ ಸಾಧನ. ಒಮ್ಮೆ ಅಂಟಿಸಿದರೆ ಕೆಲವು ಮಾದರಿಗಳು 14 ದಿನ ಕೆಲಸ ಮಾಡುತ್ತವೆ. ಮಗುವಿನ ಬೆರಳನ್ನು ದಿನವೂ ಹಲವು ಸಲ ಚುಚ್ಚಬೇಕಾಗಿದ್ದ ತಾಯಂದಿರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂಬುದನ್ನು ಬೇರೆಯವರು ಊಹಿಸುವುದು ಕಷ್ಟ. ಆದ್ದರಿಂದಲೇ, ಚರ್ಮ ಕೆಂಪಾಯಿತೆಂದು ಸೆನ್ಸರನ್ನೇ ಬಿಟ್ಟುಬಿಡುವ ಮೊದಲು ತೊಂದರೆ ಯಾವ ವಸ್ತುವಿನಿಂದ ಎಂಬುದನ್ನು ಪತ್ತೆ ಮಾಡಲೇಬೇಕು.

ಮೊದಲು ಗಮನಿಸಿ

ಸೆನ್ಸರಿನ ಅಂಟುಪಟ್ಟಿ ಕಿತ್ತಾಗ ಚರ್ಮ ಸ್ವಲ್ಪ ಕೆಂಪಾಗಿ, ಒಂದೆರಡು ದಿನದಲ್ಲಿ ತಾನೇ ಮಾಯವಾದರೆ ಅದು ಬಹುತೇಕ ಬೆವರು ಮತ್ತು ಎಳೆತದಿಂದಾದ ಉರಿ. ಅಲರ್ಜಿಯ ನಡೆ ಬೇರೆ. ತುರಿಕೆ ವಿಪರೀತವಾಗಿರುತ್ತದೆ, ಸಣ್ಣ ನೀರುಗುಳ್ಳೆಗಳು ಏಳಬಹುದು, ಕೆಂಪು ಪಟ್ಟಿಯ ಅಂಚನ್ನು ದಾಟಿ ಹರಡಬಹುದು. ತಿಂಗಳುಗಟ್ಟಲೆ ಏನೂ ಆಗದೆ, ಆಮೇಲೆ ಒಂದು ದಿನ ಶುರುವಾಗುವುದೂ ಉಂಟು. ದೇಹ ಆ ವಸ್ತುವನ್ನು ಗುರುತಿಟ್ಟುಕೊಳ್ಳಲು ಸಮಯ ಹಿಡಿಯುತ್ತದೆ. ಒಮ್ಮೆ ಗುರುತಿಟ್ಟುಕೊಂಡ ಮೇಲೆ ಪ್ರತಿ ಹೊಸ ಸೆನ್ಸರಿಗೂ ಒಂದೆರಡು ದಿನದಲ್ಲೇ ಪ್ರತಿಕ್ರಿಯೆ ಕಾಣಬಹುದು. ಉಸಿರಾಟದ ತೊಂದರೆ, ಮುಖ ಊದಿಕೊಳ್ಳುವುದು ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ.

ತೆಗೆಯಿರಿ, ಆದರೆ ಎಸೆಯಬೇಡಿ

ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಕೆಲವು ನಿಮಿಷ ಬಿಟ್ಟು, ನಿಧಾನವಾಗಿ ಬಿಡಿಸಿ. ಕಲೆಯ ಫೋಟೊ ತೆಗೆದುಕೊಳ್ಳಿ. ಅಂಟಿಸಿದ ದಿನ ಮತ್ತು ತುರಿಕೆ ಶುರುವಾದ ದಿನ ಬರೆದಿಡಿ. ಬಳಸಿದ ಸೆನ್ಸರ್ ಮತ್ತು ಬ್ಯಾಚ್ ಸಂಖ್ಯೆ ಇರುವ ಡಬ್ಬಿಯನ್ನು ಒಂದು ಕವರಿನಲ್ಲಿ ಹಾಕಿಡಿ. ಸೆನ್ಸರ್ ಇಲ್ಲದ ದಿನಗಳಲ್ಲಿ ಗ್ಲೂಕೋಮೀಟರಿನಿಂದ ತಪ್ಪದೆ ಪರೀಕ್ಷಿಸುತ್ತಿರಿ. ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಒಂದು ದಿನವೂ ಬಿಡಬಾರದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಉಳಿದ ದುಂಡನೆಯ ಕಲೆಯನ್ನು ಹುಳುಕಡ್ಡಿ ಎಂದುಕೊಂಡು ಔಷಧ ಅಂಗಡಿಯಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚಬೇಡಿ. ಇಂಥ ಮುಲಾಮುಗಳು ನಮ್ಮಲ್ಲಿ ಎಷ್ಟೋ ಜನರ ಚರ್ಮ ಕೆಡಿಸಿವೆ. ಸ್ಟೀರಾಯ್ಡ್ ಬೇಕಾದೀತು, ಆದರೆ ಯಾವುದು, ಎಷ್ಟು ದಿನ ಎಂದು ವೈದ್ಯರೇ ಹೇಳಬೇಕು. ಅರಿಸಿನ, ಬೇವಿನ ಲೇಪವೂ ಬೇಡ. ಕೆರಳಿದ ಚರ್ಮಕ್ಕೆ ಅವೂ ಭಾರವಾಗುತ್ತವೆ.

ಪ್ಯಾಚ್ ಟೆಸ್ಟ್ ಮಾಡಿಸಿ

ಇದನ್ನು ಚರ್ಮರೋಗ ತಜ್ಞರು ಮಾಡುತ್ತಾರೆ. ಶಂಕಿತ ವಸ್ತುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ. ಒಂದೆರಡು ದಿನ ಕಳೆದು ಮತ್ತೊಮ್ಮೆ ನೋಡುತ್ತಾರೆ. ಈ ಎರಡನೆಯ ಭೇಟಿಯನ್ನು ತಪ್ಪಿಸಬೇಡಿ. ಅಲರ್ಜಿ ತಡವಾಗಿ ಕಾಣಿಸಿಕೊಳ್ಳುವುದು ಸಾಮಾನ್ಯ. ಅಷ್ಟೂ ದಿನ ಬೆನ್ನಿಗೆ ನೀರು ತಾಗಬಾರದು. ಸ್ಟೀರಾಯ್ಡ್ ಮಾತ್ರೆ ಸೇವಿಸುತ್ತಿದ್ದರೆ ಮುಂಚಿತವಾಗಿಯೇ ತಿಳಿಸಿ.

ಸಾಮಾನ್ಯ ಪರೀಕ್ಷಾ ಸರಣಿಯಲ್ಲಿ ನಿಕಲ್, ರಾಳ, ರಬ್ಬರಿನ ರಾಸಾಯನಿಕಗಳು ಇರುತ್ತವೆ. ಸೆನ್ಸರ್ ಬಳಸುವವರಿಗೆ ಅಷ್ಟು ಸಾಲದು. 2017ರಲ್ಲಿ ಬೆಲ್ಜಿಯಂ ಮತ್ತು ಸ್ವೀಡನ್ನಿನ ವೈದ್ಯರು ಫ್ರೀಸ್ಟೈಲ್ ಲಿಬ್ರೆ ಎಂಬ ಮಾದರಿಯ ಸೆನ್ಸರನ್ನು ವಿಶ್ಲೇಷಿಸಿ, ಅಲರ್ಜಿ ತರುವ ಐಸೊಬೋರ್ನಿಲ್ ಅಕ್ರಿಲೇಟ್ ಎಂಬ ವಸ್ತುವನ್ನು ಪತ್ತೆ ಮಾಡಿದರು. ಅಂಟುಗಳಲ್ಲಿ ಬಳಸುವ ಅಕ್ರಿಲೇಟ್ ಎಂಬ ರಾಸಾಯನಿಕಗಳ ಗುಂಪಿಗೆ ಇದು ಸೇರಿದೆ. ಅದು ಹೆಚ್ಚಾಗಿ ಸಿಕ್ಕಿದ್ದು ಪ್ಲಾಸ್ಟಿಕ್ಕಿನ ಎರಡು ಭಾಗಗಳು ಕೂಡುವ ಜಾಗದಲ್ಲಿ. ಅಲ್ಲಿಂದ ಚರ್ಮದವರೆಗೂ ಇಳಿದುಬರುತ್ತಿತ್ತು. ಅಲ್ಲಿಯವರೆಗೆ ಎಲ್ಲರ ಅನುಮಾನ ಪಟ್ಟಿಯ ಮೇಲೆಯೇ ಇತ್ತು! ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2020ರಲ್ಲಿ ಇದನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತು. ಹಾಗಾಗಿ ಈ ವಸ್ತುವಿನ ಹೆಸರು ಹೇಳಿ, ಅಕ್ರಿಲೇಟುಗಳಿಗೂ ಪರೀಕ್ಷೆ ಮಾಡಬಹುದೇ ಎಂದು ಕೇಳಿ. ಕವರಿನಲ್ಲಿಟ್ಟ ಸೆನ್ಸರನ್ನು ಮರೆಯದೆ ಒಯ್ಯಿರಿ.

ಫಲಿತಾಂಶ ಬಂದ ಮೇಲೆ

ಕಾರಣ ಗೊತ್ತಾದರೆ ಆ ವಸ್ತುವಿಲ್ಲದ ಬೇರೆ ಮಾದರಿಯನ್ನು ಹುಡುಕುವುದೇ ಗಟ್ಟಿ ದಾರಿ. ತಯಾರಕರಿಗೆ ಲಿಖಿತವಾಗಿಯೇ ಕೇಳಿ. ಸೆನ್ಸರಿನ ಕೆಳಗೆ, ಗಾಯಗಳಿಗೆ ಅಂಟಿಸುವ ಹೈಡ್ರೊಕೊಲಾಯ್ಡ್ ಎಂಬ ಮೆತ್ತನೆಯ ಪಟ್ಟಿ ಹಾಕುವವರಿದ್ದಾರೆ. ಕೆಲವರಿಗೆ ಅನುಕೂಲವಾಗುತ್ತದೆ, ಆದರೆ ಅಕ್ರಿಲೇಟ್ ಅದನ್ನೂ ದಾಟಬಲ್ಲದು, ಸೆನ್ಸರಿನ ಎಳೆ ಒಳಹೋಗುವ ಆಳವೂ ಕಡಿಮೆಯಾಗುತ್ತದೆ. ವೈದ್ಯರನ್ನು ಕೇಳದೆ ಇದನ್ನು ಮಾಡಬೇಡಿ.

ಕೊನೆಯದಾಗಿ, ದೂರು ಕೊಡಿ. ವೈದ್ಯಕೀಯ ಸಾಧನಗಳಿಂದಾಗುವ ತೊಂದರೆಗಳನ್ನು ದಾಖಲಿಸಲು 2015ರಿಂದ ಭಾರತದಲ್ಲಿ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮವಿದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೊಪಿಯಾ ಆಯೋಗ ಇದನ್ನು ನಡೆಸುತ್ತದೆ. ಉಚಿತ ಸಹಾಯವಾಣಿ 1800-180-3024. ಸಾಧನದ ಹೆಸರು, ಬ್ಯಾಚ್ ಸಂಖ್ಯೆ, ಅಂಟಿಸಿದ ದಿನಾಂಕ ಕೈಯಲ್ಲಿಟ್ಟುಕೊಂಡು ಕರೆ ಮಾಡಿ.