ವೆರ್ನಾತ್ಸಾಕ್ಕೆ ಹೋದರೆ ಎರಡು ರಾತ್ರಿ ಉಳಿಯಿರಿ

ಸಂಜೆ ಆರು ದಾಟುತ್ತಿದ್ದಂತೆ ಇಟಲಿಯ ಕಡಲ ತೀರದ ವೆರ್ನಾತ್ಸಾ ಬೇರೆಯದೇ ಊರಾಗುತ್ತದೆ. ಬೆಳಿಗ್ಗೆ ಹತ್ತರಿಂದ ಅಲ್ಲಿನ ದೊಡ್ಡ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜನ ರೈಲಿನಿಂದ ಇಳಿಯುತ್ತಾರೆ, ಫೋಟೊ ತೆಗೆಯುತ್ತಾರೆ, ಐಸ್‌ಕ್ರೀಮ್ ತಿನ್ನುತ್ತಾರೆ, ಎರಡು ಗಂಟೆಯಲ್ಲಿ ಮುಂದಿನ ಊರಿಗೆ ಹೊರಡುತ್ತಾರೆ. ಅವರೆಲ್ಲ ಹೋದ ಮೇಲೆ ಬಂದರಿನ ಪಕ್ಕದ ಚೌಕದಲ್ಲಿ ಮಕ್ಕಳು ಚೆಂಡು ಒದೆಯುತ್ತಾರೆ. ವಯಸ್ಸಾದವರು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಮೀನುಗಾರರ ದೋಣಿಗಳು, ಚರ್ಚಿನ ಗಂಟೆ, ಅಲೆಯ ಸದ್ದು. ಆ ಹೊತ್ತಿಗಾಗಿಯೇ ಇಷ್ಟು ದೂರ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಇಟಲಿಯ ವಾಯವ್ಯ ಕರಾವಳಿಯ ಲಿಗುರಿಯ ಪ್ರಾಂತ್ಯದಲ್ಲಿ ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿಯುವ ಒಂದು ಜಾಗವಿದೆ. ಅಲ್ಲಿ ಸಾಲಾಗಿ ಐದು ಊರುಗಳು: ರಿಯೊಮಜ್ಜೋರೆ, ಮನರೋಲ, ಕೊರ್ನೀಲ್ಯ, ವೆರ್ನಾತ್ಸಾ, ಮೊಂತೆರೊಸ್ಸೊ. ಒಟ್ಟಾಗಿ ಇವುಗಳ ಹೆಸರು ಚಿಂಕ್ವೆ ತೆರ್ರೆ. 1997ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು, 1999ರಲ್ಲಿ ಈ ಜಾಗ ರಾಷ್ಟ್ರೀಯ ಉದ್ಯಾನವಾಯಿತು. ನಾನು ಮೊದಲ ಸಲ ಹೋದಾಗ ಒಂದೇ ದಿನದಲ್ಲಿ ಐದನ್ನೂ ಮುಗಿಸಿದ್ದೆ. ನೆನಪಲ್ಲಿ ಉಳಿದದ್ದು ರೈಲಿನ ಸುರಂಗಗಳು ಮಾತ್ರ. ಎರಡನೇ ಸಲ ವೆರ್ನಾತ್ಸಾ ಒಂದನ್ನೇ ಆರಿಸಿಕೊಂಡೆ. ಸಾವಿರ ಜನವೂ ಇಲ್ಲದ ಊರು. ಅಲ್ಲಿಗೆ ಹೋಗುವುದು, ಇರುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ತಿಂಗಳು, ಆಮೇಲೆ ವೀಸಾ

ಮೇ ತಿಂಗಳು ಒಳ್ಳೆಯದು. ಸೆಪ್ಟೆಂಬರ್ ಕೊನೆ ಇನ್ನೂ ಒಳ್ಳೆಯದು, ನೀರು ಬೆಚ್ಚಗಿರುತ್ತದೆ, ದ್ರಾಕ್ಷಿ ಕೊಯ್ಲಿನ ಸಮಯ ಬೇರೆ. ಆಗಸ್ಟ್ ಬೇಡ. ಇಟಲಿಯವರೇ ರಜೆಗೆ ಹೊರಡುವ ತಿಂಗಳದು, ಬಿಸಿಲೂ ಜಾಸ್ತಿ. ಚಳಿಗಾಲದಲ್ಲಿ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿರುತ್ತವೆ.

ಇಟಲಿಗೆ ಹೋಗಲು ಶೆಂಗೆನ್ ವೀಸಾ ಬೇಕು, ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಅದು. ಅದಕ್ಕೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ತೀರಾ ತಡ ಅಂದರೆ ಹದಿನೈದು ದಿನ ಮುಂಚೆಯಾದರೂ ಹಾಕಿರಬೇಕು. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಮೂರು ತಿಂಗಳ ಅಂತರ ಇಟ್ಟುಕೊಳ್ಳಿ. ಅರ್ಜಿಯ ಜೊತೆ ಕನಿಷ್ಠ 30,000 ಯೂರೊ ಚಿಕಿತ್ಸೆ ವೆಚ್ಚ ಭರಿಸುವ ಪ್ರಯಾಣ ವಿಮೆ ಬೇಕೇ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಹೋಗಿ ಬರುವ ಟಿಕೆಟ್, ತಂಗುವ ಜಾಗದ ಬುಕಿಂಗ್ ಇವೆಲ್ಲದರಲ್ಲೂ ತಾರೀಕುಗಳು ಒಂದಕ್ಕೊಂದು ಹೊಂದಬೇಕು.

ಕೋಣೆ ಹಿಡಿಯುವಾಗ

ಇಲ್ಲಿ ದೊಡ್ಡ ಹೋಟೆಲುಗಳಿಲ್ಲ. ಹಳೆಯ ಎತ್ತರದ ಮನೆಗಳಲ್ಲಿ ಕೋಣೆ ಬಾಡಿಗೆಗೆ ಕೊಡುತ್ತಾರೆ. ಲಿಫ್ಟ್ ಇರುವುದು ಅಪರೂಪ, ಮೆಟ್ಟಿಲುಗಳು ಕಡಿದಾಗಿ, ಕಿರಿದಾಗಿ ಇರುತ್ತವೆ. ಬುಕ್ ಮಾಡುವ ಮೊದಲು "ಎಷ್ಟು ಮೆಟ್ಟಿಲು?" ಅಂತ ಕೇಳಿಬಿಡಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಮರೆಯಲೇಬಾರದು. ಅವರಿಗೆ ಮೊಂತೆರೊಸ್ಸೊ ವಾಸಿ. ಅಲ್ಲಿ ಸಮತಟ್ಟಾದ ದಾರಿ ಇದೆ, ದೊಡ್ಡ ಮರಳಿನ ದಂಡೆಯೂ ಇದೆ. ಕೊರ್ನೀಲ್ಯಾದಲ್ಲಿ ಸ್ಟೇಷನ್ನಿನಿಂದ ಊರು ಮುಟ್ಟಲು 382 ಮೆಟ್ಟಿಲು ಹತ್ತಬೇಕು, ಇಲ್ಲವೇ ಸಣ್ಣ ಬಸ್ಸಿಗೆ ಕಾಯಬೇಕು.

ರಿಸೆಪ್ಷನ್ ಅಂತ ಒಂದು ಟೇಬಲ್ಲು ಹಾಕಿಕೊಂಡು ಯಾರೂ ಕೂತಿರುವುದಿಲ್ಲ. ನೀವು ಬರುವ ರೈಲಿನ ಸಮಯ ತಿಳಿಸಿದರೆ ಮನೆಯವರು ಬಂದು ಬೀಗದ ಕೈ ಕೊಡುತ್ತಾರೆ. ಪಾಸ್‌ಪೋರ್ಟ್ ಕೇಳಿದರೆ ಗಾಬರಿ ಬೇಡ, ತಂಗುವವರ ವಿವರ ಪೊಲೀಸರಿಗೆ ತಿಳಿಸುವುದು ಅಲ್ಲಿನ ನಿಯಮ. ಬ್ಯಾಕ್‌ಪ್ಯಾಕ್ ಹಾಕಿಕೊಂಡು ಹೋಗಿ. ಕಲ್ಲು ಹಾಸಿದ ಓಣಿಯಲ್ಲಿ ಚಕ್ರದ ಸೂಟ್‌ಕೇಸ್ ಎಳೆದರೆ ಇಡೀ ಓಣಿಗೆ ಎಚ್ಚರವಾಗುತ್ತದೆ.

ರೈಲಿನಲ್ಲಿ

ಕಾರು ಬೇಡ. ಊರೊಳಗೆ ಅದಕ್ಕೆ ದಾರಿಯೇ ಇಲ್ಲ. ಮಿಲಾನ್‌ನಿಂದ ಈ ಐದೂರುಗಳ ಪಕ್ಕದ ನಗರ ಲಾ ಸ್ಪೇತ್ಸಿಯಾಕ್ಕೆ ರೈಲಿನಲ್ಲಿ ಸುಮಾರು ಮೂರು ಗಂಟೆ. ವಿಮಾನ ಪೀಸಾದಲ್ಲಿಳಿದರೆ ಇನ್ನೂ ಹತ್ತಿರ. ಲಾ ಸ್ಪೇತ್ಸಿಯಾದಲ್ಲಿ ಲೇವಾಂತೊ ಕಡೆಗೆ ಹೋಗುವ ಸಣ್ಣ ರೈಲು ಹಿಡಿದರೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ವೆರ್ನಾತ್ಸಾ. ದಾರಿಯೆಲ್ಲ ಸುರಂಗ. ನಡುವೆ ಒಂದು ಕ್ಷಣ ಸಮುದ್ರ ಕಾಣುತ್ತದೆ, ಮತ್ತೆ ಕತ್ತಲೆ.

ಎರಡು ವಿಷಯ ನೆನಪಿಡಿ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಸ್ಟೇಷನ್ನಿನ ಪುಟ್ಟ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ದುಡ್ಡು ಕೊಟ್ಟು ಕೊಂಡ ಟಿಕೆಟ್ ಕೈಯಲ್ಲಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ ಬೀಳುತ್ತದೆ. ಇನ್ನೊಂದು, ವೆರ್ನಾತ್ಸಾದ ಪ್ಲಾಟ್‌ಫಾರ್ಮಿನ ಒಂದು ಭಾಗ ಸುರಂಗದೊಳಗಿದೆ. ನಿಮ್ಮ ಬೋಗಿ ಕತ್ತಲಲ್ಲಿ ನಿಂತರೆ "ಇನ್ನೂ ಸ್ಟೇಷನ್ ಬಂದಿಲ್ಲ" ಅಂತ ಕೂತುಬಿಡಬೇಡಿ. ಬಾಗಿಲು ತೆರೆದು ಇಳಿಯಿರಿ, ಬೆಳಕಿನ ಕಡೆ ನಡೆಯಿರಿ.

ಐದೂ ಊರುಗಳಿಗೆ ಓಡಾಡುವ ಆಸೆ ಇದ್ದರೆ ಚಿಂಕ್ವೆ ತೆರ್ರೆ ಟ್ರೇನ್ ಕಾರ್ಡ್ ಕೊಳ್ಳಿ. ಲೇವಾಂತೊ ಮತ್ತು ಲಾ ಸ್ಪೇತ್ಸಿಯ ನಡುವೆ ಎಷ್ಟು ಸಲ ಬೇಕಾದರೂ ರೈಲು ಹತ್ತಬಹುದು, ಕಾಲುದಾರಿಯ ಶುಲ್ಕವೂ ಅದರಲ್ಲೇ ಸೇರಿದೆ.

ಬೆಳಿಗ್ಗೆ ಎದ್ದು ನಡೆಯಿರಿ

ಇದು ಈ ಪ್ರವಾಸದ ಜೀವ. ಮೊಂತೆರೊಸ್ಸೊ ಕಡೆಗೆ ಸುಮಾರು ಮೂರೂವರೆ ಕಿಲೋಮೀಟರ್ ಕಾಲುದಾರಿ ಇದೆ. ನಿಧಾನಕ್ಕೆ ನಡೆದರೆ ಎರಡು ಗಂಟೆ. ಕಿಲೋಮೀಟರ್ ಕಡಿಮೆ ಅಂತ ಹಗುರವಾಗಿ ನೋಡಬೇಡಿ, ನೂರಾರು ಮೆಟ್ಟಿಲು ಹತ್ತಿ ಇಳಿಯಬೇಕು. ಎಂಟು ಗಂಟೆಯೊಳಗೆ ಹೊರಡಿ. ಕಾಲು ಗಂಟೆ ಹತ್ತಿ ಹಿಂತಿರುಗಿ ನೋಡಿದರೆ ಇಡೀ ಊರು ಕಾಲ ಕೆಳಗೆ ಕಾಣುತ್ತದೆ. ಬಂಡೆಯ ಮೇಲಿನ ಗೋಪುರ, ನೀರಿಗೆ ಅಂಟಿಕೊಂಡ ಚರ್ಚು, ಗುಲಾಬಿ ಹಳದಿ ಮನೆಗಳು.

ಹಿಂಬದಿ ತೆರೆದ ಚಪ್ಪಲಿ ಹಾಕಿಕೊಂಡು ಈ ದಾರಿಗೆ ಇಳಿಯುವಂತಿಲ್ಲ, ದಂಡವಿದೆ. ಜೋರು ಮಳೆಯ ಎಚ್ಚರಿಕೆ ಬಂದ ದಿನ ದಾರಿಯನ್ನೇ ಮುಚ್ಚುತ್ತಾರೆ, ಸ್ಟೇಷನ್ನಿನ ಮಾಹಿತಿ ಕೇಂದ್ರದಲ್ಲಿ ಕೇಳಿ ಹೊರಡಿ. ರಿಯೊಮಜ್ಜೋರೆ ಮತ್ತು ಮನರೋಲ ನಡುವಿನ ಪ್ರಸಿದ್ಧ 'ಪ್ರೇಮದ ದಾರಿ' 2012ರಲ್ಲಿ ಬಂಡೆ ಉರುಳಿದ ಮೇಲೆ ಮುಚ್ಚಿತ್ತು, 2024ರಲ್ಲಿ ಮತ್ತೆ ತೆರೆದಿದೆ. ಅದಕ್ಕೆ ಮುಂಚಿತವಾಗಿ ಸಮಯ ಕಾದಿರಿಸಬೇಕು.

ನಡೆಯುವಾಗ ಪಕ್ಕದ ಕಲ್ಲಿನ ಗೋಡೆಗಳನ್ನು ಸ್ವಲ್ಪ ನಿಂತು ನೋಡಿ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಒಡ್ಡುಗಳು. ಇಷ್ಟು ಕಡಿದಾದ ಬೆಟ್ಟದಲ್ಲಿ ಮಣ್ಣು ನಿಲ್ಲಲಿ, ದ್ರಾಕ್ಷಿ ಬೆಳೆಯಲಿ ಅಂತ ಶತಮಾನಗಳಿಂದ ಜನ ಕೈಯಲ್ಲೇ ಕಟ್ಟಿಕೊಂಡು ಬಂದದ್ದು. ಹೊಸ ತಲೆಮಾರು ಬೇರೆ ಕೆಲಸಕ್ಕೆ ಹೋದಂತೆ ಎಷ್ಟೋ ಒಡ್ಡುಗಳು ಪಾಳು ಬಿದ್ದವು. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳಲ್ಲಿ ಭಾರಿ ಮಳೆ ಸುರಿದಾಗ ಬೆಟ್ಟದ ಮಣ್ಣು, ಕಲ್ಲು, ಮರ ಎಲ್ಲ ಕೊಚ್ಚಿಕೊಂಡು ಬಂದವು. ದೊಡ್ಡ ಬೀದಿಯ ಅಡಿಯಲ್ಲೇ ಹಳ್ಳವೊಂದು ಹರಿಯುತ್ತದೆ, ಅದು ಉಕ್ಕಿತು. ಬೀದಿಯಲ್ಲಿ ನಾಲ್ಕು ಮೀಟರ್ ಎತ್ತರ ಕೆಸರು ತುಂಬಿತು. ಊರಿನ ಮೂವರು ಸತ್ತರು. ಇವತ್ತು ನೀವು ಕಾಫಿ ಕುಡಿಯುವ ಅಂಗಡಿಗಳೆಲ್ಲ ಆ ಕೆಸರನ್ನು ಎತ್ತಿ ಹಾಕಿ ಮತ್ತೆ ಬಾಗಿಲು ತೆರೆದಂಥವು.

ಆದ್ದರಿಂದ ಫೋಟೊಕ್ಕಾಗಿ ಆ ಗೋಡೆಗಳ ಮೇಲೆ ದಯವಿಟ್ಟು ಹತ್ತಬೇಡಿ. ಒಂದು ಕಲ್ಲು ಜಾರಿದರೆ ಮುಂದಿನ ಮಳೆಗೆ ಹತ್ತು ಜಾರುತ್ತವೆ. ಕಾಲುದಾರಿಯ ಕಾರ್ಡ್ ದುಬಾರಿ ಅನಿಸಿದರೂ ಕೊಳ್ಳಿ, ದಾರಿಯ ರಿಪೇರಿಗೆ ಆ ದುಡ್ಡು ಬೇಕು.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಮೀನೂರು ಅಂತ ಹೆದರಬೇಡಿ. ಲಿಗುರಿಯದ ಅಡುಗೆಯಲ್ಲಿ ನಮಗೆ ಒಗ್ಗುವುದು ಬೇಕಾದಷ್ಟಿದೆ. ಪೆಸ್ಟೊ ಈ ಸೀಮೆಯದೇ. ನಮ್ಮ ಕಾಮಕಸ್ತೂರಿಯ ಜಾತಿಯ ಸೊಪ್ಪು, ಬೆಳ್ಳುಳ್ಳಿ, ಪೈನ್ ಬೀಜ, ಚೀಸ್, ಆಲಿವ್ ಎಣ್ಣೆ. ಹಿಂದೆ ಅಮೃತಶಿಲೆಯ ಒರಳಲ್ಲಿ ಕುಟ್ಟುತ್ತಿದ್ದರು, ಒಂಥರಾ ಹಸಿ ಚಟ್ನಿಯೇ ಅನ್ನಿ. ಇದನ್ನು ತ್ರೋಫ್ಯೆ ಎಂಬ ಹೊಸೆದ ಪಾಸ್ತಾಕ್ಕೆ ಕಲಸಿ, ಬೇಯಿಸಿದ ಆಲೂಗಡ್ಡೆ, ಬೀನ್ಸ್ ಸೇರಿಸಿ ಕೊಡುತ್ತಾರೆ. ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಒಲೆಯಲ್ಲಿ ಸುಟ್ಟ ಫರಿನಾತ ಸಿಕ್ಕರೆ ಬಿಡಬೇಡಿ. ಬೆಳಗಿನ ತಿಂಡಿಗೆ ಬಿಸಿ ಫೊಕಾಚ್ಚ ರೊಟ್ಟಿ ಸಾಕು. ಕಟ್ಟುನಿಟ್ಟಿನವರು ಒಂದು ತಿಳಿದಿರಿ, ಪೆಸ್ಟೊಕ್ಕೆ ಹಾಕುವ ಪಾರ್ಮೆಜಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ.

"ಸೆನ್ಸಾ ಕಾರ್ನೆ, ಸೆನ್ಸಾ ಪೇಶೆ" ಅಂದರೆ ಮಾಂಸ ಬೇಡ, ಮೀನು ಬೇಡ. ಎರಡನ್ನೂ ಹೇಳಿ. ಮಾಂಸ ಬೇಡ ಅಂದರೆ ಸಾಸಿನಲ್ಲಿ ಸಣ್ಣ ಮೀನು ಹಾಕಿ ಕೊಡುವುದುಂಟು. ಮೀನು ತಿನ್ನುವವರು ಮೊಂತೆರೊಸ್ಸೊದ ಆಂಚೊವಿ ಎಂಬ ಸಣ್ಣ ಮೀನು ಕೇಳಿ, ಐದೂ ಊರಿಗೆ ಅದು ಹೆಸರುವಾಸಿ. ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ಒಂದೆರಡು ಯೂರೊ ಜಾಸ್ತಿ ಕಂಡರೆ ಅದು ಮೋಸ ಅಲ್ಲ, ಕೂತು ಉಂಡದ್ದಕ್ಕೆ ಹಾಕುವ ಶುಲ್ಕ. ಕಾಫಿಯನ್ನು ನಿಂತು ಕುಡಿದರೆ ಅಗ್ಗ.

ಅಂಗಡಿಯೊಳಗೆ ಕಾಲಿಟ್ಟ ಕೂಡಲೇ "ಬೊನ್‌ಜೋರ್ನೊ" ಅನ್ನಿ, ಸಂಜೆಯಾದರೆ "ಬೊನಾಸೇರಾ". ನಮಸ್ಕಾರ ಹೇಳದೆ ನೇರ ಬೆಲೆ ಕೇಳಿದರೆ ಅಲ್ಲಿಯವರಿಗೆ ಬೇಜಾರಾಗುತ್ತದೆ. ಎರಡನೇ ದಿನ ಅದೇ ಅಂಗಡಿಗೆ ಹೋಗಿ ನೋಡಿ, ಗುರುತು ಹಿಡಿದು ನಗುತ್ತಾರೆ. ಈಜುಡುಗೆಯಲ್ಲಿ ಬೀದಿ ತಿರುಗಬೇಡಿ. 1318ರಷ್ಟು ಹಳೆಯ ಸಾಂತಾ ಮಾರ್ಗೆರೀತಾ ಚರ್ಚಿನೊಳಗೆ ಹೋಗುವಾಗ ಭುಜ ಮುಚ್ಚಿರಲಿ. ಜುಲೈ 20 ಆ ಚರ್ಚಿನ ಸಂತಳಾದ ಮಾರ್ಗೆರೀತಾಳ ಹಬ್ಬ, ಆ ದಿನಕ್ಕೆ ಹೋಗುವವರು ಕೋಣೆಯನ್ನು ತುಂಬಾ ಮೊದಲೇ ಹಿಡಿಯಬೇಕು.

ಹೊರಡುವ ದಿನ

ಲಾ ಸ್ಪೇತ್ಸಿಯಾದಲ್ಲಿ ಬೇರೆ ರೈಲು ಹಿಡಿಯಬೇಕಿದ್ದರೆ ಒಂದು ಗಂಟೆ ಮೊದಲೇ ಹೊರಡಿ, ಸಣ್ಣ ರೈಲುಗಳು ತಡವಾಗುವುದುಂಟು. ಮನೆಗೆ ಏನಾದರೂ ತರಬೇಕೆಂದರೆ ಮ್ಯಾಗ್ನೆಟ್ ಬಿಟ್ಟು ಆ ಒಡ್ಡುಗಳಲ್ಲೇ ಬೆಳೆದದ್ದನ್ನು ಕೊಳ್ಳಿ. ಶಕ್ಕೆತ್ರಾ ಎಂಬ ಸಿಹಿ ವೈನ್ ಇದೆ. ಕೊಯ್ದ ದ್ರಾಕ್ಷಿಯನ್ನು ವಾರಗಟ್ಟಲೆ ನೆರಳಲ್ಲಿ ಒಣಗಿಸಿ ಆಮೇಲೆ ಹಿಂಡುತ್ತಾರೆ, ರಸ ಬಹಳ ಕಡಿಮೆ ಬರುತ್ತದೆ, ಅದಕ್ಕೇ ಬೆಲೆ ಹೆಚ್ಚು. ಸಣ್ಣ ಬಾಟಲಿ ಸಾಕು. ಬಟ್ಟೆಯಲ್ಲಿ ಸುತ್ತಿ ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ. ವೈನ್ ಕುಡಿಯದವರಿಗೆ ಅಲ್ಲಿನ ಆಲಿವ್ ಎಣ್ಣೆ ಇದೆ, ಅದನ್ನೂ ಹೀಗೇ ಸುತ್ತಿಡಿ.