ನಿಮ್ಮ ಆಟಕ್ಕೆ ಒಪ್ಪುವ ಬ್ಯಾಡ್ಮಿಂಟನ್ ರ‍್ಯಾಕೆಟ್ ಆರಿಸುವುದು ಹೇಗೆ?

'ಲಕ್ಷ್ಯ ಸೇನ್ ಆಡುವಂಥದ್ದೇ ಕೊಡಿ' ಎಂದು ಅಂಗಡಿಯಲ್ಲಿ ಕೇಳುವವರಿದ್ದಾರೆ. ಅಂಗಡಿಯವರು ಖುಷಿಯಿಂದಲೇ ಕೊಡುತ್ತಾರೆ. ಆದರೆ ದಿನವಿಡೀ ತರಬೇತಿ ಮಾಡುವ ಅವರಂಥ ಆಟಗಾರರ ತೋಳಿಗೆ ಒಪ್ಪುವ ರ‍್ಯಾಕೆಟ್, ಆಫೀಸು ಮುಗಿಸಿ ವಾರಕ್ಕೆರಡು ದಿನ ಕೋರ್ಟಿಗೆ ಬರುವವರಿಗೂ ಒಪ್ಪಬೇಕೆಂದೇನಿಲ್ಲವಲ್ಲ?

ಮೊದಲು ನಿಮ್ಮ ಆಟ ನೋಡಿಕೊಳ್ಳಿ. ಹಿಂದೆ ನಿಂತು ಸ್ಮ್ಯಾಶ್ ಹೊಡೆಯುತ್ತೀರಾ, ಡಬಲ್ಸ್‌ನಲ್ಲಿ ನೆಟ್ ಹತ್ತಿರ ಇರುತ್ತೀರಾ, ಅಥವಾ ಎರಡೂ ಸ್ವಲ್ಪ ಸ್ವಲ್ಪವಾ?

ಆಮೇಲೆ ತೂಕ. ರ‍್ಯಾಕೆಟ್ ಮೇಲೆ 3ಯು, 4ಯು, 5ಯು ಎಂದು ಬರೆದಿರುತ್ತದೆ. ಯೋನೆಕ್ಸ್ ಕಂಪನಿಯ ಲೆಕ್ಕದಲ್ಲಿ 3ಯು ಅಂದರೆ 85-89 ಗ್ರಾಂ, 4ಯು 80-84, 5ಯು 75-79. ಅಂಕಿ ದೊಡ್ಡದಾದಷ್ಟೂ ತೂಕ ಕಡಿಮೆ. ಹೊಸಬರು ಸುಮ್ನೆ 4ಯು ತೆಗೆದುಕೊಳ್ಳಿ. ಭುಜದ ನೋವಿದ್ದರೆ 5ಯು ನೋಡಿ. ಗ್ರಿಪ್‌ನಲ್ಲೂ, ಅಂದರೆ ಹಿಡಿಕೆಯ ದಪ್ಪದಲ್ಲೂ ಇದೇ ಉಲ್ಟಾ ಲೆಕ್ಕ, ಜಿ4ಗಿಂತ ಜಿ5 ಸಣ್ಣದು. ಸಣ್ಣದನ್ನು ಕೊಂಡು ಮೇಲೆ ಓವರ್‌ಗ್ರಿಪ್ ಸುತ್ತಬಹುದು, ದಪ್ಪಗಿದ್ದರೆ ಕೆತ್ತಲಿಕ್ಕಾಗುವುದಿಲ್ಲ.

ಮುಖ್ಯ ವಿಷಯ ಬ್ಯಾಲೆನ್ಸ್, ಅಂದರೆ ತೂಕ ತಲೆಯ ಕಡೆಗಿದೆಯಾ ಹಿಡಿಕೆಯ ಕಡೆಗಿದೆಯಾ ಅನ್ನುವುದು. ಒಂದೇ ತೂಕದ ಎರಡು ರ‍್ಯಾಕೆಟ್ ಕೈಯಲ್ಲಿ ಬೇರೆ ಬೇರೆ ಥರ ಅನಿಸುವುದು ಇದರಿಂದಲೇ. ಶಾಫ್ಟನ್ನು (ಹಿಡಿಕೆಗೂ ತಲೆಗೂ ನಡುವಿನ ಕಡ್ಡಿ) ಬೆರಳ ಮೇಲೆ ಅಡ್ಡ ಇಟ್ಟು ಅದು ಸಮನಾಗಿ ನಿಲ್ಲುವ ಜಾಗ ಹುಡುಕಿ, ಹಿಡಿಕೆಯ ತುದಿಯಿಂದ ಅಲ್ಲಿಗೆ ಅಳೆಯಿರಿ. ಸುಮಾರು 295 ಮಿಲಿಮೀಟರ್ ದಾಟಿದರೆ ಹೆಡ್ ಹೆವಿ, 285ಕ್ಕಿಂತ ಕಡಿಮೆಯಿದ್ದರೆ ಹೆಡ್ ಲೈಟ್, ನಡುವೆ ಇದ್ದರೆ ಈವನ್. ಇದು ಗಟ್ಟಿಂಗ್ (ತಲೆಗೆ ಹೆಣೆಯುವ ದಾರ) ಇಲ್ಲದ ರ‍್ಯಾಕೆಟ್ ಲೆಕ್ಕ, ಗಟ್ಟಿಂಗ್ ಮಾಡಿಸಿದರೆ ಸ್ವಲ್ಪ ಜಾಸ್ತಿ ಬರುತ್ತದೆ. ಯೋನೆಕ್ಸ್ ಆಸ್ಟ್ರಾಕ್ಸ್ ಹೆಡ್ ಹೆವಿ ಸಾಲು. ಸ್ಮ್ಯಾಶ್‌ಗೆ ತೂಕ ಸಿಗುತ್ತದೆ, ಆದರೆ ಎದುರಿನವರು ಮೈಮೇಲೆ ಹೊಡೆದಾಗ ರ‍್ಯಾಕೆಟ್ ಎತ್ತುವುದು ತಡವಾಗುತ್ತದೆ. ನ್ಯಾನೋಫ್ಲೇರ್ ಹೆಡ್ ಲೈಟ್, ಡಬಲ್ಸ್‌ನ ಚುರುಕಾದ ಡ್ರೈವ್‌ಗಳಿಗೆ (ನೆಟ್ ಮೇಲೆ ನೇರವಾಗಿ ಹೋಗುವ ಹೊಡೆತ) ಹೇಳಿಮಾಡಿಸಿದ್ದು. ನಿಮ್ಮ ಆಟ ಇನ್ನೂ ಯಾವುದೆಂದು ಗೊತ್ತಿಲ್ಲದಿದ್ದರೆ ಈವನ್ ಬ್ಯಾಲೆನ್ಸ್‌ನಲ್ಲೇ ಶುರು ಮಾಡಿ.

ಶಾಫ್ಟ್ ವಿಚಾರದಲ್ಲಿ ಜನ ಸುಳ್ಳೇ ಜಂಬ ಪಡುತ್ತಾರೆ. ಸ್ಟಿಫ್ ಶಾಫ್ಟ್ ಬಾಗಬೇಕಾದರೆ ಕೈ ಬೀಸು ತುಂಬ ವೇಗವಾಗಿರಬೇಕು. ನಿಮ್ಮ ಕ್ಲಿಯರ್ (ಎತ್ತರಕ್ಕೆ ಹೊಡೆದು ಹಿಂದಕ್ಕೆ ಕಳಿಸುವ ಹೊಡೆತ) ಹಿಂದಿನ ಗೆರೆಯವರೆಗೆ ಹೋಗುತ್ತಿಲ್ಲವಾ? ಹಾಗಾದರೆ ಫ್ಲೆಕ್ಸಿಬಲ್ ಅಥವಾ ಮೀಡಿಯಂ ತೆಗೆದುಕೊಳ್ಳಿ, ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ಕೊಳ್ಳುವ ಮೊದಲು ಗೆಳೆಯರ ರ‍್ಯಾಕೆಟ್ ಕೇಳಿ ಪಡೆದು ಒಂದು ಗೇಮ್ ಪೂರ್ತಿ ಆಡಿ ನೋಡಿ. ಅಂಗಡಿಯಲ್ಲಿ ಗಾಳಿಗೆ ಬೀಸಿದರೆ ಎಲ್ಲವೂ ಚೆನ್ನಾಗಿಯೇ ಇರುತ್ತವೆ!

ಕೊನೆಗೆ ಗಟ್ಟಿಂಗ್. ನನ್ನ ಕೇಳಿದರೆ ದುಬಾರಿ ರ‍್ಯಾಕೆಟ್‌ಗೆ ಸಡಿಲ ಗಟ್ಟಿಂಗ್ ಇರುವುದಕ್ಕಿಂತ, ಸಾಧಾರಣ ರ‍್ಯಾಕೆಟ್‌ಗೆ ಒಳ್ಳೆಯ ಗಟ್ಟಿಂಗ್ ಇರುವುದೇ ವಾಸಿ. ಹೊಸಬರಿಗೆ 20-22 ಪೌಂಡ್ ಟೆನ್ಷನ್ (ದಾರದ ಬಿಗಿತ) ಸಾಕು, ಒಂದೆರಡು ವರ್ಷ ಆಡಿದವರಿಗೆ 23-25. ಟೆನ್ಷನ್ ಏರಿದಷ್ಟೂ ಹಿಡಿತ ಸಿಗುತ್ತದೆ, ಆದರೆ ಷಟಲ್ ಚಿಮ್ಮುವುದು ಕಡಿಮೆಯಾಗಿ ಬಲವೆಲ್ಲ ನಿಮ್ಮ ಕೈಯಿಂದಲೇ ಬರಬೇಕಾಗುತ್ತದೆ, ಸರಿಯಾದ ಜಾಗಕ್ಕೆ ತಾಗದ ಹೊಡೆತ ಮೊಣಕೈಗೆ ನಾಟುತ್ತದೆ. ಬಾಳಿಕೆ ಬೇಕಿದ್ದರೆ 0.70 ಮಿಲಿಮೀಟರ್ ದಪ್ಪದ ಯೋನೆಕ್ಸ್ ದಾರ ಬಿಜಿ65 ಹಾಕಿಸಿ. ಶಾಫ್ಟ್ ಹಿಡಿಕೆಗೆ ಸೇರುವಲ್ಲಿ ಟೆನ್ಷನ್ ಮಿತಿ ಬರೆದಿರುತ್ತದೆ, ಅದನ್ನು ಗಟ್ಟಿಂಗ್ ಮಾಡುವವರಿಗೆ ತೋರಿಸಿಯೇ ಕೆಲಸ ಕೊಡಿ.