ನಾಯಿಗೆ ಮಾತ್ರೆ ಕೊಡುವ ಮೊದಲು

ಹೋದ ಮಳೆಗಾಲದಲ್ಲಿ ನಮ್ಮ ನಾಯಿ ಕರಿಯನ ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದವು. ಎರಡು ದಿನಕ್ಕೆ ಒಡೆದು ನಾಲ್ಕಾಣೆ ಅಗಲದ ಉಂಗುರಗಳಾದವು. ಅಂಚಿನಲ್ಲಿ ತೆಳ್ಳಗೆ ಸಿಪ್ಪೆ ಏಳುತ್ತಿತ್ತು. ನನ್ನ ಹಲ್ಲುನೋವಿಗೆ ತಂದಿದ್ದ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ (ಬ್ಯಾಕ್ಟೀರಿಯಾ ಕೊಲ್ಲುವ ಔಷಧ) ಮಾತ್ರೆ ಮೂರು ಉಳಿದಿದ್ದವು. ಡಬ್ಬದಲ್ಲಿ ಇದೆಯಲ್ಲ ಎಂದು ದಿನಕ್ಕೊಂದರಂತೆ ಕೊಟ್ಟೆ. ಗುಳ್ಳೆ ತೊಡೆಯವರೆಗೂ ಹಬ್ಬಿತು.

ಆಮೇಲೆ ಪಶುವೈದ್ಯರು ಬಿಡಿಸಿ ಹೇಳಿದರು. ನಾಯಿಯ ಚರ್ಮದ ಮೇಲೆ ಸ್ಟ್ಯಾಫಿಲೋಕಾಕಸ್ ಸ್ಯೂಡಿಂಟರ್ಮೀಡಿಯಸ್ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬರೀ ಅಮಾಕ್ಸಿಸಿಲಿನ್ ಇವುಗಳಲ್ಲಿ ಬಹುಪಾಲನ್ನು ಏನೂ ಮಾಡದು. ಆ ಔಷಧವನ್ನು ಒಡೆದು ಹಾಕುವ ಕಿಣ್ವವನ್ನು ಅವೇ ತಯಾರಿಸುತ್ತವೆ. ನಾನು ಕೊಟ್ಟದ್ದಕ್ಕೆ ಮೆತ್ತಗಿದ್ದವು ಸಾಯುತ್ತವೆ, ಗಟ್ಟಿಗಿದ್ದವಕ್ಕೆ ಜಾಗ ಖಾಲಿ ಮಾಡಿಕೊಟ್ಟಂತಾಗುತ್ತದೆ. ಆ ಕಿಣ್ವಕ್ಕೆ ಒಡೆಯದ ಮೆಥಿಸಿಲಿನ್ ಗುಂಪಿನ ಔಷಧಕ್ಕೂ ಬಗ್ಗದ ತಳಿಗಳು ಈಗ ಎಷ್ಟೋ ದೇಶಗಳ ನಾಯಿಗಳಲ್ಲಿ ಸಿಗುತ್ತಿವೆ.

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನಾಯಿಯ ಮೈಮೇಲೇ ಉಳಿಯುವ ವಿಷಯವೂ ಅಲ್ಲ. ಅಮೆರಿಕದಲ್ಲಿ 2016ರಿಂದ 2018ರ ನಡುವೆ ಅಂಗಡಿಗಳಲ್ಲಿ ಮಾರುವ ನಾಯಿಮರಿಗಳಿಂದ 100ಕ್ಕೂ ಹೆಚ್ಚು ಜನರಿಗೆ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಭೇದಿ ಅಂಟಿತು. ಆ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕೊಡುವ ಔಷಧಗಳಿಗೆ ಜಗ್ಗುತ್ತಿರಲಿಲ್ಲ. ತನಿಖೆಯವರು 149 ಮರಿಗಳ ದಾಖಲೆ ತೆಗೆದು ನೋಡಿದರು. 142 ಮರಿಗಳಿಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದರು. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮರಿಗಳಿಗೆ ಕೊಟ್ಟದ್ದು ಕಾಯಿಲೆ ಬಂದಿದ್ದಕ್ಕಲ್ಲ, ಬಾರದಿರಲಿ ಎಂದು.

1. ಬ್ಯಾಕ್ಟೀರಿಯಾ ಹೌದೋ ಅಲ್ಲವೋ ಕೇಳಿ

ಎಲ್ಲ ಕೆರೆತಕ್ಕೂ ಆ್ಯಂಟಿಬಯೋಟಿಕ್ ಬೇಡ. ಕಿವಿ ವಾಸನೆ ಬರುತ್ತಿದ್ದರೆ ಅದು ಎಷ್ಟೋ ಸಲ ಯೀಸ್ಟ್ ಎಂಬ ಶಿಲೀಂಧ್ರ. ಹತ್ತಿ ಕಡ್ಡಿಯಲ್ಲಿ ಗುಗ್ಗೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ಚಟುವಟಿಕೆಯಿಂದಿರುವ ನಾಯಿಯ ಸಣ್ಣ ಭೇದಿ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ತಾನಾಗೇ ನಿಲ್ಲುತ್ತದೆ. ಎಳೆ ವಯಸ್ಸಿನ ಬೆಕ್ಕು ಪದೇಪದೇ ಉಚ್ಚೆಗೆ ಕೂರುವುದಕ್ಕೂ ಹೆಚ್ಚಾಗಿ ಬ್ಯಾಕ್ಟೀರಿಯಾ ಕಾರಣವಲ್ಲ. ಆದರೆ ಗಂಡು ಬೆಕ್ಕು ತಿಣುಕಿದರೂ ಉಚ್ಚೆ ಬರುತ್ತಿಲ್ಲ ಎಂದರೆ ಒಂದು ಗಳಿಗೆಯೂ ಕಾಯಬೇಡಿ. ಜೀವ ಹೋಗುತ್ತದೆ.

2. ಮೇಲಿನ ಗಾಯಕ್ಕೆ ಮೇಲಿನ ಔಷಧ

ಚರ್ಮದ ಸೋಂಕು ಮೇಲ್ಮೇಲೆ ಇದ್ದರೆ ಡಾಕ್ಟರು ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಬರೆದುಕೊಡಬಹುದು. ನಾವೆಲ್ಲ ಎಡವುವುದು ಇಲ್ಲೇ. ಹಚ್ಚಿದ ಕೂಡಲೇ ತೊಳೆದುಬಿಡುತ್ತೇವೆ. ನೊರೆ ಹತ್ತು ನಿಮಿಷ ಮೈಮೇಲೆ ನಿಲ್ಲಬೇಕು. ಜಾಸ್ತಿ ಕೆಟ್ಟಿರುವ ಜಾಗಕ್ಕೆ ಮೊದಲು ಹಚ್ಚಿ, ಮೊಬೈಲಿನಲ್ಲಿ ಟೈಮರ್ ಇಟ್ಟು, ಅಷ್ಟೂ ಹೊತ್ತು ಹೊಟ್ಟೆ ಸವರುತ್ತಾ ಕೂರಿ. ಕರಿಯ ಮೊದಲ ಎರಡು ನಿಮಿಷ ಒದ್ದಾಡುತ್ತಾನೆ, ಆಮೇಲೆ ಕಣ್ಣು ಮುಚ್ಚುತ್ತಾನೆ. ನೆಕ್ಕಲು ಬಿಡಬೇಡಿ, ಕಣ್ಣಿಗೆ ತಾಗಿಸಬೇಡಿ. ಅವನಿಗೆ ವಾರಕ್ಕೆರಡು ಸಲದಂತೆ ಒಂದು ತಿಂಗಳು ಸಾಕಾಯಿತು. ನುಂಗುವ ಮಾತ್ರೆ ಬೇಕಾಗಲೇ ಇಲ್ಲ.

3. ವಾಸಿಯಾಗದಿದ್ದರೆ ಕಲ್ಚರ್ ಟೆಸ್ಟ್

ಒಂದು ಔಷಧ ನಾಟಲಿಲ್ಲ ಎಂದು ಸುಮ್ನೆ ಇನ್ನೊಂದಕ್ಕೆ ಹಾರಬೇಡಿ. ಕೀವಿನ ಮಾದರಿ ತೆಗೆದು ಟೆಸ್ಟ್ ಮಾಡಿಸೋಣವೇ ಎಂದು ನೀವೇ ಕೇಳಿ. ಲ್ಯಾಬಿನಲ್ಲಿ ಚಪ್ಪಟೆ ತಟ್ಟೆಯೊಂದರಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಅದರ ಮೇಲೆ ಬೇರೆ ಬೇರೆ ಔಷಧ ಹೀರಿಸಿದ ಪುಟ್ಟ ಬಿಳಿ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಮಾರನೇ ದಿನ ಕೆಲವು ಬಿಲ್ಲೆಗಳ ಸುತ್ತ ಏನೂ ಬೆಳೆಯದೆ ತಿಳಿ ಉಂಗುರ ಮೂಡಿರುತ್ತದೆ. ಕೆಲವು ಬಿಲ್ಲೆಯ ಅಂಚಿನವರೆಗೂ ಬೂದು ಪದರ ಕಟ್ಟಿರುತ್ತದೆ. ವರದಿಯಲ್ಲಿ ‘ಎಸ್’ ಎಂದಿದ್ದರೆ ಆ ಔಷಧ ನಾಟುತ್ತದೆ, ‘ಆರ್’ ಎಂದಿದ್ದರೆ ಇಲ್ಲ. ಪೂರ್ತಿ ವರದಿಗೆ ಕೆಲವು ದಿನ ಹಿಡಿಯುತ್ತದೆ. ಈಗಾಗಲೇ ಏನಾದರೂ ಮಾತ್ರೆ ಕೊಟ್ಟಿದ್ದರೆ ಮುಚ್ಚಿಡಬೇಡಿ, ಫಲಿತಾಂಶ ತಪ್ಪಬಹುದು. ನನಗೂ ಹೇಳಲು ಸಂಕೋಚವಾಗಿತ್ತು, ಹೇಳಿದ್ದರಿಂದ ಒಳ್ಳೆಯದೇ ಆಯಿತು.

4. ಮಾತ್ರೆ ಕೊಟ್ಟರೆ ಸರಿಯಾಗಿ ಕೊಡಿ

ಡೋಸ್ ನಿಲ್ಲುವುದು ತೂಕದ ಮೇಲೆ. ನಾಯಿಯನ್ನು ಅವತ್ತೇ ತೂಗಿಸಿ. ಎಷ್ಟು ದಿನ, ಎಷ್ಟು ಗಂಟೆಗೊಮ್ಮೆ ಎಂದು ಬರೆಸಿಕೊಳ್ಳಿ. ಉಣ್ಣೆ ಕಚ್ಚಿ ಬರುವ ಟಿಕ್ ಫೀವರಿಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಕೆಲವೇ ದಿನಕ್ಕೆ ನಾಯಿ ಎದ್ದು ಓಡಾಡುತ್ತದೆ, ನಾವು ಮಾತ್ರೆ ಮರೆಯುತ್ತೇವೆ, ಜ್ವರ ಮರುಕಳಿಸಬಹುದು. ಇದೇ ಮಾತ್ರೆಯನ್ನು ಬೆಕ್ಕಿಗೆ ಒಣದಾಗಿ ನುಂಗಿಸಬಾರದು. ಅನ್ನನಾಳದಲ್ಲಿ ಸಿಕ್ಕಿಕೊಂಡು ಸುಡುತ್ತದೆ. ಹಿಂದೆಯೇ ಸಿರಿಂಜಿನಲ್ಲಿ ಸ್ವಲ್ಪ ನೀರು ಕುಡಿಸಿ.

5. ಮನೆಯಲ್ಲಿ

ಔಷಧ ಹಚ್ಚಿದ ಮೇಲೆ, ಹೇಲು ಬಾಚಿದ ಮೇಲೆ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಿರಿ. ನಿಮ್ಮ ಗಾಯವನ್ನು ನಾಯಿ ನೆಕ್ಕಬಾರದು. ಹಸಿ ಕೋಳಿ ಹಾಕುವುದನ್ನು ಬಿಡಿ, ಬೇಯಿಸಿ ಹಾಕಿ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹಸಿ ಮಾಂಸದ ಜೊತೆಗೂ ಬರುತ್ತವೆ. ಹಸುಗೂಸು, ಬಾಣಂತಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಹೊಸದಾಗಿ ಆಪರೇಷನ್ ಆದವರು ಮನೆಯಲ್ಲಿದ್ದರೆ ಗಾಯ ಮಾಯುವವರೆಗೆ ನಾಯಿಗೆ ಬೇರೆ ಹಾಸಿಗೆ ಇರಲಿ. ದಯವಿಟ್ಟು ಹೆದರಿ ಅದನ್ನು ಬೀದಿಗೆ ಬಿಡಬೇಡಿ. ಆಸ್ಪತ್ರೆಗಳಲ್ಲಿ ಕಾಡುವ, ಮೆಥಿಸಿಲಿನ್ ಗುಂಪಿನ ಔಷಧಕ್ಕೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾ ನಾಯಿ, ಬೆಕ್ಕಿಗೆ ಅಂಟುವುದೇ ಹೆಚ್ಚಾಗಿ ಮನುಷ್ಯರಿಂದ.

ಉಳಿದ ಮಾತ್ರೆಯನ್ನು ಪಕ್ಕದ ಮನೆಯ ನಾಯಿಗೂ ಕೊಡಬೇಡಿ. ಮನೆಯವರಿಗೆ ಯಾರಿಗಾದರೂ ಕುರು ಎದ್ದು ಮತ್ತೆ ಮತ್ತೆ ಬರುತ್ತಿದ್ದರೆ, ನಿಮ್ಮ ಡಾಕ್ಟರಿಗೆ ಇದೊಂದು ಮಾತು ಸೇರಿಸಿ ಹೇಳಿ: ಮನೆಯಲ್ಲಿ ನಾಯಿ ಇದೆ, ಅದಕ್ಕೆ ಇಂಥ ಆ್ಯಂಟಿಬಯೋಟಿಕ್ ಕೊಟ್ಟಿದ್ದೆವು. ಕಲ್ಚರ್ ವರದಿ ಇದ್ದರೆ ಅದನ್ನೂ ಜೊತೆಗೆ ತೆಗೆದುಕೊಂಡು ಹೋಗಿ.